ಸಂತೆ ಮುಗಿದ ಮೇಲೆ ಶುರುವಾಗಬೇಕು ಲೆಕ್ಕ

ಆಲೂರು: ಗಣಿತ ಅಂದರೆ ಮಕ್ಕಳಿಗೆ ಜ್ವರ ಬರುತ್ತೆ ಅನ್ನೋದು ಹಳೇ ಮಾತು. ಅದೇ ಮಕ್ಕಳ ಕೈಗೆ ತಕ್ಕಡಿ ಕೊಟ್ಟು, ಮುಂದೆ ಒಂದು ರಾಶಿ ಬೀನ್ಸ್ ಸುರಿದು, ನಾಲ್ಕು ಜನ ಗಿರಾಕಿಗಳನ್ನು ಕಳಿಸಿ ನೋಡಿ. ಜ್ವರ ಎತ್ತ ಓಡಿತೋ ತಿಳಿಯೋದಿಲ್ಲ.

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ನಡೆಯುವ ‘ಮಕ್ಕಳ ಸಂತೆ’ ಅಥವಾ ‘ಮೆಟ್ರಿಕ್ ಮೇಳ’ದ ಹಿಂದಿರುವ ಯೋಚನೆ ಇದೇ. ಮಕ್ಕಳು ಮನೆಯಿಂದ ಸೊಪ್ಪು, ಬಾಳೆಕಾಯಿ, ನಿಂಬೆಹಣ್ಣು, ಚಕ್ಕುಲಿ, ಚುರುಮುರಿ ತರುತ್ತಾರೆ. ಶಾಲೆ ಅಂಗಳದಲ್ಲಿ ಗೋಣಿತಾಟು ಹಾಸಿ ಕೂರುತ್ತಾರೆ. ಅಪ್ಪ ಅಮ್ಮಂದಿರೇ ಗಿರಾಕಿಗಳು. ತೂಕ, ಅಳತೆ, ಚಿಲ್ಲರೆ, ಲಾಭ ನಷ್ಟ ಎಲ್ಲಾ ಒಂದೇ ಬೆಳಿಗ್ಗೆಯಲ್ಲಿ ಆಗಿಹೋಗುತ್ತೆ. ಸಂತೋಷವೇ.

ಆದರೆ ಮಾರನೇ ದಿನ? ಮೇಷ್ಟ್ರು ಮತ್ತೆ ಮಗ್ಗಿ ಒಪ್ಪಿಸಿ ಅಂತಾರೆ, ಮಕ್ಕಳು ಮತ್ತೆ ತಲೆ ತಗ್ಗಿಸ್ತಾರೆ. ನಿನ್ನೆ ಅಂಗಳದಲ್ಲಿ ಮಾಡಿದ್ದೂ ಗಣಿತವೇ, ಇವತ್ತು ಬೋರ್ಡಿನ ಮೇಲಿರೋದೂ ಅದೇ ಅಂತ ಯಾರೂ ಅವರಿಗೆ ಹೇಳೋದಿಲ್ಲ. ಕೆಲಸ ಕೆಟ್ಟಿರುವುದು ಇಲ್ಲೇ.

ಎರಡು ಗಣಿತ, ಎರಡು ಗೋಡೆ

ಈ ಮಾತಿಗೆ ದೊಡ್ಡ ಪುರಾವೆಯೇ ಇದೆ. 1985ರಲ್ಲಿ ಬ್ರೆಜಿಲ್ ದೇಶದ ರೆಸಿಫೆ ಊರಿನಲ್ಲಿ ಬೀದಿ ವ್ಯಾಪಾರ ಮಾಡುವ ಐದು ಮಕ್ಕಳ ಲೆಕ್ಕವನ್ನು ಸಂಶೋಧಕರು ಪರೀಕ್ಷಿಸಿದರು. ವ್ಯಾಪಾರದ ಜಾಗದಲ್ಲಿ ಕೇಳಿದಾಗ ನೂರಕ್ಕೆ 98 ಉತ್ತರ ಸರಿ. ಅದೇ ಲೆಕ್ಕವನ್ನು ಬರೀ ಅಂಕಿಯಲ್ಲಿ ಕಾಗದದ ಮೇಲೆ ಕೊಟ್ಟಾಗ ಸರಿಯಾದದ್ದು ಸುಮಾರು 37.

ಐದು ಮಕ್ಕಳಿಂದ ಏನು ತೀರ್ಮಾನ ಅನ್ನುವವರಿಗೆ ನಮ್ಮ ದೇಶದ್ದೇ ಉತ್ತರ ಇದೆ. ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ವ್ಯಾಪಾರ ಮಾಡುವ 1,436 ಮಕ್ಕಳನ್ನು ನೋಡಿ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ವ್ಯಾಪಾರದಲ್ಲಿ ಚುರುಕಾಗಿದ್ದವರು ಪಠ್ಯದ ಲೆಕ್ಕಕ್ಕೆ ತಡವರಿಸಿದರು. ಶಾಲೆಗೆ ಮಾತ್ರ ಹೋಗುವ ಮಕ್ಕಳು ಪಠ್ಯದ ಲೆಕ್ಕದಲ್ಲಿ ಮುಂದು, ಅಂಗಡಿ ಲೆಕ್ಕದಲ್ಲಿ ಹಿಂದು. ಒಂದು ಕಡೆಯ ಜಾಣತನ ತಾನಾಗಿ ಇನ್ನೊಂದು ಕಡೆಗೆ ದಾಟೋದಿಲ್ಲ. ದಾಟಿಸಬೇಕಾದವರು ಮೇಷ್ಟ್ರು.

ದಾಟಿಸೋದು ಹೇಗೆ? ಕೆ.ಜಿ.ಗೆ 60 ರೂಪಾಯಿ ಬೀನ್ಸ್, 350 ಗ್ರಾಂಗೆ ಎಷ್ಟು? ಸಂತೆಯಲ್ಲಿ ಕೂತ ಹುಡುಗಿ ಕಾಲು ಕೆ.ಜಿ.ಗೆ 15, ಇನ್ನು ನೂರು ಗ್ರಾಂಗೆ 6, ಒಟ್ಟು 21 ಅಂತ ಕಣ್ಣು ಮಿಟುಕಿಸೋದರಲ್ಲಿ ಹೇಳ್ತಾಳೆ. ಮಾರನೇ ದಿನ ಅವಳನ್ನೇ ಬೋರ್ಡಿಗೆ ಕರೆದು ಅದನ್ನೇ ಬರೆಸಬೇಕು. ಪಕ್ಕದಲ್ಲಿ ಮೇಷ್ಟ್ರು 60ನ್ನು 350ರಿಂದ ಗುಣಿಸಿ 1000ದಿಂದ ಭಾಗಿಸಿ ತೋರಿಸಬೇಕು. ಎರಡು ದಾರಿ, ಊರು ಒಂದೇ. ಈ ಅರ್ಧ ಗಂಟೆ ಇಲ್ಲದಿದ್ದರೆ ಸಂತೆ ಬರೀ ಜಾತ್ರೆ.

ಚಿಲ್ಲರೆ ನೀನೇ ಇಟ್ಕೋ ಮಗಾ!

ಸಂತೆಯನ್ನು ಕೆಡಿಸುವವರಲ್ಲಿ ದೊಡ್ಡವರೇ ಮೊದಲಿಗರು. ಮಗ ತೂಗುವಾಗ ಹಿಂದೆ ನಿಂತು ಅಮ್ಮನೇ ಲೆಕ್ಕ ಹೇಳಿಬಿಡುತ್ತಾರೆ. ಬಂದ ಗಣ್ಯರು ಹತ್ತು ರೂಪಾಯಿ ಸೊಪ್ಪಿಗೆ ಐವತ್ತರ ನೋಟು ಕೊಟ್ಟು ‘ಚಿಲ್ಲರೆ ನೀನೇ ಇಟ್ಕೋ ಮಗಾ’ ಅಂತ ಬೆನ್ನು ತಟ್ಟಿ ಹೋಗ್ತಾರೆ. ಮನಸ್ಸು ದೊಡ್ಡದು ಸರಿ, ಕಳೆಯುವ ಲೆಕ್ಕ ಅಲ್ಲಿಗೇ ಕೈಲಾಸ ಸೇರಿತು. ಇನ್ನು ಫೋನ್‌ಪೇ ಮಾಡಿದರೆ ಚಿಲ್ಲರೆಯ ಮಾತೇ ಇಲ್ಲ. ಆ ಒಂದು ದಿನಕ್ಕಾದರೂ ನೋಟು ನಾಣ್ಯ ತಂದು, ಚೌಕಾಸಿ ಮಾಡಿ, ಬಾಕಿ ಕೇಳಿ ಪಡೆಯಬೇಕು.

ಇನ್ನೊಂದು ಮೋಸ ಲಾಭದ್ದು. ಮನೆ ಹಿತ್ತಲಿನ ಸೊಪ್ಪು ತಂದು ನೂರು ರೂಪಾಯಿಗೆ ಮಾರಿದ ಹುಡುಗ ‘ನೂರು ರೂಪಾಯಿ ಲಾಭ’ ಅಂತ ಬೀಗುತ್ತಾನೆ. ಬೀಜ, ಗೊಬ್ಬರ, ನೀರು ಹಾಕಿ ಕಳೆ ಕಿತ್ತ ಅವ್ವನ ಕೂಲಿ ಎಲ್ಲಿ ಹೋಯಿತು? ಅಸಲು ಬರೆಯದೆ ಲಾಭ ಬರೆದರೆ ರೈತನ ಮನೆ ಮಗುವಿಗೆ ತಪ್ಪು ಪಾಠ ಕಲಿಸಿದಂತೆ. ಬೇಸಾಯದಲ್ಲಿ ದುಡ್ಡು ಯಾಕೆ ಉಳಿಯೋದಿಲ್ಲ ಅನ್ನೋದು ಆ ಮಗುವಿಗೆ ತಿಳಿಯುವುದು ಅಸಲಿನ ಪಟ್ಟಿ ಬರೆದಾಗಲೇ.

ಊರಲ್ಲೇ ಇದೆ ಪಾಠ

ಬಯಲುಸೀಮೆ ಮುಗಿದು ಮಲೆನಾಡು ಶುರುವಾಗುವ ಆಲೂರಿನಂಥ ಕಡೆ ಲೆಕ್ಕಕ್ಕೆ ಬರವೇ? ಶುಂಠಿ ರೇಟನ್ನು 60 ಕೆ.ಜಿ. ಮೂಟೆಗೆ ಹೇಳ್ತಾರೆ. ಮೂಟೆಗೆ 1,500 ಆದರೆ ಕೆ.ಜಿ.ಗೆ 25. ಅಂಗಡಿಯಲ್ಲಿ ಎಷ್ಟಕ್ಕೆ ಮಾರ್ತಾರೆ ಅಂತ ವಿಚಾರಿಸಿಕೊಂಡು ಬನ್ನಿ ಎಂದರೆ ಭಾಗಾಕಾರವೂ ಆಯಿತು, ದಲ್ಲಾಳಿ ಪಾಠವೂ ಆಯಿತು. ಜಮೀನಿಗೆ ಎಕರೆ, ಗುಂಟೆ. ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. 40 ಗುಂಟೆಗೆ ಒಂದು ಎಕರೆ. ಹಗ್ಗ ಹಿಡಿದು ಶಾಲೆ ಮೈದಾನ ಅಳೆದರೆ ಕ್ಷೇತ್ರಫಲ ಜನ್ಮದಲ್ಲಿ ಮರೆಯೋದಿಲ್ಲ.

ಮಳೆಯನ್ನೇ ನೋಡಿ. ಕಾಫಿ ಸೀಮೆಯಲ್ಲಿ ಇವತ್ತಿಗೂ ಮಳೆ ಇಂಚು, ಸೆಂಟಿನಲ್ಲೇ. ಪುಸ್ತಕದಲ್ಲಿ ಮಿಲಿಮೀಟರು. ತೋಟದವರು ‘ಒಂದು ಇಂಚು ಇಪ್ಪತ್ತು ಸೆಂಟು’ ಅಂದರೆ 1.20 ಇಂಚು, ಅಂದರೆ 30 ಮಿ.ಮೀ.ಗೆ ಚೂರು ಮೇಲೆ. ದಶಮಾಂಶಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕೆ? ನೆಟ್ಟಗಿನ ಡಬ್ಬ ಒಂದು, ಅಳತೆ ಪಟ್ಟಿ ಒಂದು ಇದ್ದರೆ ಶಾಲೆಯಲ್ಲೇ ಮಳೆ ಅಳೆಯಬಹುದು.

ಆಟಕ್ಕೂ ಕೊರತೆಯಿಲ್ಲ. ಅಳಗುಳಿ ಮಣೆಯ 14 ಗುಳಿಗೆ ಐದೈದು ಕಾಳು ಹಾಕಿದರೆ 70. ಕೈಯಲ್ಲಿರುವ ಕಾಳು ಎಲ್ಲಿ ಮುಗಿಯುತ್ತೆ ಅಂತ ಮೊದಲೇ ಲೆಕ್ಕ ಹಾಕಿದವನೇ ಗೆಲ್ಲೋದು. ಚೌಕಾಬಾರದ ಕವಡೆ ಬದಲು ನಾಲ್ಕು ನಾಣ್ಯವನ್ನು ನೂರು ಸಲ ಎಸೆದು ಬರೆದಿಟ್ಟರೆ ಎರಡು ಹೆಚ್ಚು ಬೀಳುತ್ತೆ, ನಾಲ್ಕೂ ಒಂದೇ ಮುಖ ಬೀಳೋದು ಅಪರೂಪ ಅಂತ ಮಕ್ಕಳೇ ಕಂಡುಕೊಳ್ತಾರೆ. ಸಂಭವನೀಯತೆ ಅನ್ನುವ ಭಾರೀ ಹೆಸರು ಆಮೇಲೆ ಹೇಳಿದರಾಯಿತು.

ಇದೇನೂ ಹೊಸದಲ್ಲ. 12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲಿ ಬರೆದ ಗಣಿತ ಪುಸ್ತಕದ ಹೆಸರೇ ‘ವ್ಯವಹಾರಗಣಿತ’. ಸರ್ಕಾರವೂ ಸುಮ್ಮನೆ ಕೂತಿಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ನಲಿ-ಕಲಿ 2009-10ರಲ್ಲಿ ರಾಜ್ಯಕ್ಕೆಲ್ಲಾ ಬಂತು. ಅಕ್ಷರ ಫೌಂಡೇಶನ್ ಜೊತೆ ಸೇರಿ ತಂದ ಗಣಿತ ಕಲಿಕಾ ಆಂದೋಲನ 4 ಮತ್ತು 5ನೇ ತರಗತಿಗೆ ಕಲಿಕಾ ಸಾಮಗ್ರಿಯ ಪೆಟ್ಟಿಗೆ ಕೊಟ್ಟಿತು. ಆದರೆ ಬೀರುವಿನಲ್ಲಿ ಬೀಗ ಹಾಕಿಟ್ಟ ಪೆಟ್ಟಿಗೆ ಯಾರಿಗೂ ಲೆಕ್ಕ ಕಲಿಸೋದಿಲ್ಲ.

ತಕ್ಕಡಿ ಮುಂದೆ ನಿಲ್ಲುವವರಿಗಾಗಿ

ಇದು ಬರೀ ಅಂಕದ ಮಾತಲ್ಲ. ಕಾಫಿ ಹಣ್ಣು ಕೊಯ್ಯುವ ಕೂಲಿ ಬಹಳ ಕಡೆ ಕೆ.ಜಿ. ಲೆಕ್ಕ. 87 ಕೆ.ಜಿ. ಕೊಯ್ದವರಿಗೆ ಕೆ.ಜಿ.ಗೆ 5 ರೂಪಾಯಿ ಅಂದುಕೊಂಡರೂ 435. ಚೀಲದ ತೂಕ ಅಂತ ಎರಡು ಕೆ.ಜಿ. ಮುರಿದರೆ ಹತ್ತು ರೂಪಾಯಿ ಹೋಯಿತು. ಖಾಲಿ ಗೋಣಿಚೀಲ ನಿಜವಾಗಿ ಎಷ್ಟು ತೂಗುತ್ತೆ? ಶಾಲೆಯಲ್ಲಿ ಒಂದು ಸಲ ತೂಗಿ ನೋಡಿದ ಮಗು ಸಂಜೆ ಮನೆಯಲ್ಲಿ ಅವ್ವನ ಚೀಟಿ ಹಿಡಿದು ಆ ಪ್ರಶ್ನೆ ಕೇಳುತ್ತೆ. ಅವ್ವ ನಾಳೆ ರೈಟರನ್ನು ಕೇಳ್ತಾಳೆ.

ಮುಂದಿನ ಮಕ್ಕಳ ಸಂತೆಗೆ ಶಾಮಿಯಾನ, ಮೈಕು, ಹಾರ ತುರಾಯಿ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ. ಶಾಲಾಭಿವೃದ್ಧಿ ಸಮಿತಿಯವರು ಒಂದು ಒಳ್ಳೆ ತಕ್ಕಡಿ ಕೊಡಿಸಲಿ. ಪ್ರತಿ ಮಗುವಿನ ಪುಸ್ತಕದಲ್ಲಿ ಅಸಲು, ಮಾರಾಟ, ಉಳಿಕೆ ಅಂತ ಒಂದು ಪುಟ ತುಂಬಲಿ. ಪೋಷಕರು ಫೋಟೋ ಕೇಳುವ ಮೊದಲು ಆ ಪುಟ ತೋರಿಸು ಅಂತ ಕೇಳಲಿ.