ಹಾಜಿ ಬಂದರಿನ 141 ಸಿಲಿಂಡರ್‌ಗಳು

2010ರ ಜುಲೈ 14ರ ನಸುಕಿನ ಮೂರು ಗಂಟೆ ಸುಮಾರಿಗೆ ಮುಂಬಯಿಯ ಶಿವಡಿಯಲ್ಲಿ ಪೋರ್ಟ್ ಟ್ರಸ್ಟಿನ ಹಾಜಿ ಬಂದರ್ ಗೋದಾಮಿನಿಂದ ಕ್ಲೋರಿನ್ ಸೋರತೊಡಗಿತು. ಅಪಾಯಕಾರಿ ಸರಕಿಗೆಂದೇ ಮೀಸಲಾಗಿದ್ದ ಗೋದಾಮು ಅದು. ಅಲ್ಲಿದ್ದ 141 ಸಿಲಿಂಡರ್‌ಗಳ ಪೈಕಿ ತುಕ್ಕು ತಿಂದಿದ್ದ ಒಂದು ಬಾಯಿ ಬಿಟ್ಟಿತ್ತು. ಬಂದರಿನ ನೌಕರರು, ಕೂಲಿಗಳು, ಪಕ್ಕದ ಲಾಲ್ ಬಹದ್ದೂರ್ ಶಾಸ್ತ್ರಿ ನೌಕಾ ಕಾಲೇಜಿನ ವಿದ್ಯಾರ್ಥಿಗಳು, ನೆರವಿಗೆ ಧಾವಿಸಿದ ಅಗ್ನಿಶಾಮಕ ಸಿಬ್ಬಂದಿ, ಹೀಗೆ ನೂರಕ್ಕೂ ಹೆಚ್ಚು ಮಂದಿ ಉಸಿರು ಕಟ್ಟಿ, ಕಣ್ಣುರಿಯಿಂದ ಒದ್ದಾಡುತ್ತ ಆಸ್ಪತ್ರೆ ಸೇರಿದರು. ವಾರಸುದಾರರಿಲ್ಲದ ಆ ಸಿಲಿಂಡರ್‌ಗಳು 1997ರಿಂದಲೂ ಅಲ್ಲೇ ಬಿದ್ದಿದ್ದವು.

ಹದಿಮೂರು ವರ್ಷ ತೆಪ್ಪಗಿದ್ದದ್ದು ಒಂದು ರಾತ್ರಿ ಇದ್ದಕ್ಕಿದ್ದಂತೆ ಕೆರಳಿತು ಎಂದುಕೊಳ್ಳುವುದು ಸುಲಭ. ಆದರೆ ತುಂಬಿದ ಕ್ಲೋರಿನ್ ಸಿಲಿಂಡರ್ ಒಂದು ದಿನವೂ ತೆಪ್ಪಗಿರುವುದಿಲ್ಲ. ಅದೊಂದು ಯಂತ್ರ. ಸದಾ ಒತ್ತಡದಲ್ಲಿರುವ, ಸದಾ ಯಾರಾದರೂ ಕಣ್ಣಿಟ್ಟಿರಬೇಕಾದ ಯಂತ್ರ.

ನಮ್ಮ ದೇಶದಲ್ಲಿ ಕ್ಲೋರಿನ್ ಹೆಚ್ಚಾಗಿ ಓಡಾಡುವುದು ‘ಟನ್ನರ್’ ಎಂದು ಕರೆಯುವ ದೊಡ್ಡ ಉಕ್ಕಿನ ಸಿಲಿಂಡರ್‌ನಲ್ಲಿ. ಎರಡು ಮೀಟರಿಗಿಂತ ತುಸು ಉದ್ದ, ಮುಕ್ಕಾಲು ಮೀಟರಿನಷ್ಟು ದಪ್ಪ. ಒಳಗೆ 900 ಕಿಲೊ ಕ್ಲೋರಿನ್. ಕುಡಿಯುವ ನೀರಿನ ಶುದ್ಧೀಕರಣ ಘಟಕಗಳಲ್ಲಿ ಇವನ್ನು ಸಾಲಾಗಿ ಅಡ್ಡ ಮಲಗಿಸಿರುತ್ತಾರೆ. ಲೀಟರಿಗೆ 1 ಮಿಲಿಗ್ರಾಂ ಲೆಕ್ಕದಲ್ಲಿ ಬೆರೆಸಿದರೆ ಒಂದೇ ಟನ್ನರ್ 90 ಕೋಟಿ ಲೀಟರ್ ನೀರಿಗೆ ಸಾಲುತ್ತದೆ. ಮಹಾನಗರದ ನಲ್ಲಿಯಲ್ಲಿ ಕಾಲರಾ, ಟೈಫಾಯ್ಡ್ ಹರಿಯದಂತೆ ಕಾಯುತ್ತಿರುವುದು ಇದೇ ಅನಿಲ. ಹಾಗಾಗಿ ಕ್ಲೋರಿನ್ ಬೇಡವೇ ಬೇಡ ಎನ್ನುವ ಮಾತಿಗೆ ನಾನು ಒಪ್ಪುವವನಲ್ಲ.

ಕ್ಲೋರಿನ್ ಕುದಿಯುವುದು ಸೊನ್ನೆಗಿಂತ 34 ಡಿಗ್ರಿ ಕೆಳಗೆ. ಮುಂಬಯಿಯ 30 ಡಿಗ್ರಿ ಸೆಖೆಯಲ್ಲಿ ಅದನ್ನು ದ್ರವವಾಗಿ ಹಿಡಿದಿಡಬೇಕಾದರೆ ಹೊರಗಿನ ಗಾಳಿಯ ಎಂಟೊಂಬತ್ತು ಪಟ್ಟು ಒತ್ತಡ ಬೇಕು. ಟನ್ನರಿನೊಳಗೆ ಕೆಳಗೆ ದ್ರವ, ಮೇಲೆ ಅನಿಲ. ಅರ್ಧ ಖರ್ಚಾದರೂ ಒತ್ತಡ ಇಳಿಯುವುದಿಲ್ಲ, ಏಕೆಂದರೆ ಹೋದಷ್ಟು ಅನಿಲವನ್ನು ದ್ರವ ಮತ್ತೆ ಕುದಿದು ತುಂಬಿಕೊಡುತ್ತದೆ. ಒಳಗೆ ಎಷ್ಟು ಉಳಿದಿದೆ ಎಂದು ತಿಳಿಯಬೇಕಾದರೆ ತೂಕ ಮಾಡಿಯೇ ನೋಡಬೇಕು.

ಒಂದು ತುದಿಯಲ್ಲಿ ಎರಡು ವಾಲ್ವ್‌ಗಳು. ಒಂದೊಂದಕ್ಕೂ ಒಳಗಡೆ ಬಾಗಿದ ಕೊಳವೆ ಜೋಡಿಸಿರುತ್ತದೆ. ವಾಲ್ವ್‌ಗಳು ಒಂದರ ಮೇಲೊಂದು ನೆಟ್ಟಗೆ ಬರುವಂತೆ ಟನ್ನರನ್ನು ಮಲಗಿಸಿದರೆ ಮೇಲಿನ ಕೊಳವೆಯ ಬಾಯಿ ಅನಿಲದಲ್ಲಿ, ಕೆಳಗಿನದು ದ್ರವದಲ್ಲಿ. ಹೀಗಾಗಿ ಮೇಲಿನದನ್ನು ತಿರುಗಿಸಿದರೆ ಅನಿಲ ಬರುತ್ತದೆ, ಕೆಳಗಿನದನ್ನು ತಿರುಗಿಸಿದರೆ ದ್ರವ. ಸೋರಿಕೆಯ ಹೊತ್ತಿನಲ್ಲಿ ಜೀವ ಉಳಿಸುವುದೂ ಇದೇ ತಿಳಿವಳಿಕೆ. ತೂತು ಕೆಳಭಾಗದಲ್ಲಿದ್ದರೆ ಹೊರಚಿಮ್ಮುವುದು ದ್ರವ. ಒಂದು ಲೀಟರ್ ದ್ರವ 450 ಲೀಟರಿಗೂ ಹೆಚ್ಚು ಅನಿಲವಾಗಿ ಹಿಗ್ಗುತ್ತದೆ. ಅದೇ ಟನ್ನರನ್ನು ಉರುಳಿಸಿ ತೂತನ್ನು ಮೇಲಕ್ಕೆ ತಂದರೆ ಬರುವುದು ಬರಿಯ ಅನಿಲ. ಸೋರಿಕೆಯ ಪ್ರಮಾಣ ಎಷ್ಟೋ ಪಟ್ಟು ತಗ್ಗುತ್ತದೆ. ಈ ಕೆಲಸ ಗೊತ್ತಿರುವವರು ಮುಖಕ್ಕೆ ಉಸಿರಾಟದ ಉಪಕರಣ ಕಟ್ಟಿಕೊಂಡು ಮೊದಲು ಮಾಡುವುದೇ ಅದನ್ನು.

ಎರಡೂ ತುದಿಗಳಲ್ಲಿ ಮೂರು ಮೂರರಂತೆ ಆರು ಬಿರಡೆಗಳಿರುತ್ತವೆ. 70ರಿಂದ 74 ಡಿಗ್ರಿಯಲ್ಲಿ ಕರಗುವ ಮಿಶ್ರಲೋಹವನ್ನು ಅವುಗಳ ನಡುವೆ ತುಂಬಿರುತ್ತಾರೆ. ಆ ಅಂಕಿಯನ್ನು ಸುಮ್ಮನೆ ಆರಿಸಿದ್ದಲ್ಲ. ದ್ರವ ಕ್ಲೋರಿನ್ ಬಿಸಿಗೆ ಬಹಳ ಹಿಗ್ಗುತ್ತದೆ. ಅದಕ್ಕಾಗಿ ಟನ್ನರನ್ನು ಎಂದೂ ಕಂಠಮಟ್ಟ ತುಂಬುವುದಿಲ್ಲ, ಮೇಲೆ ಜಾಗ ಬಿಟ್ಟಿರುತ್ತಾರೆ. ಸುಮಾರು 70 ಡಿಗ್ರಿ ಮುಟ್ಟಿದಾಗ ಆ ಜಾಗವೂ ಭರ್ತಿಯಾಗುತ್ತದೆ. ಅದರ ಮೇಲೆ ಹಿಗ್ಗಲು ಎಡೆಯಿಲ್ಲದ ದ್ರವ ಉಕ್ಕನ್ನೇ ಸೀಳಬಲ್ಲದು. ಬೆಂಕಿ ಬಿದ್ದಾಗ ಇಡೀ ಪಾತ್ರೆ ಸಿಡಿಯುವ ಬದಲು ಬಿರಡೆ ಕರಗಿ ಸಣ್ಣ ಬಾಯಿಯಿಂದ ಸೋರಲಿ ಎಂಬ ಲೆಕ್ಕಾಚಾರ ಇಲ್ಲಿದೆ. ಅಂದರೆ ಸೋರಿದ್ದನ್ನು ಹಿಡಿಯಲು ಹತ್ತಿರದಲ್ಲಿ ಯಾರೋ ಇದ್ದೇ ಇರುತ್ತಾರೆ ಎಂಬ ನಂಬಿಕೆ ಈ ಯಂತ್ರದ ಭಾಗಗಳಲ್ಲೇ ಬೆರೆತಿದೆ.

ಇನ್ನು ತುಕ್ಕಿನ ವಿಚಾರ. ಪೂರ್ತಿ ಒಣಗಿದ ಕ್ಲೋರಿನ್ ಸಾಮಾನ್ಯ ಉಷ್ಣತೆಯಲ್ಲಿ ಉಕ್ಕಿಗೆ ಹೆಚ್ಚೇನೂ ಮಾಡುವುದಿಲ್ಲ. ಕಬ್ಬಿಣದ ಕ್ಲೋರೈಡಿನ ತೆಳು ಪೊರೆ ಒಳಗೋಡೆಯನ್ನು ಕಾಯುತ್ತದೆ. ಚೂರು ತೇವ ಸೇರಿದರೆ ಕಥೆಯೇ ಬೇರೆ. ಕ್ಲೋರಿನ್ ಮತ್ತು ನೀರು ಕೂಡಿ ಹೈಡ್ರೋಕ್ಲೋರಿಕ್ ಆಮ್ಲ, ಹೈಪೋಕ್ಲೋರಸ್ ಆಮ್ಲಗಳಾಗುತ್ತವೆ. ಆಮ್ಲ ಉಕ್ಕನ್ನು ತಿನ್ನುತ್ತದೆ. ಹಾಗೆ ಹುಟ್ಟುವ ಕಬ್ಬಿಣದ ಕ್ಲೋರೈಡ್ ಗಾಳಿಯ ತೇವವನ್ನು ಇನ್ನಷ್ಟು ಹೀರುತ್ತದೆ, ಇನ್ನಷ್ಟು ಆಮ್ಲ ಹುಟ್ಟುತ್ತದೆ. ವಾಲ್ವಿನ ಮರೆಯಲ್ಲಿ ಕೂದಲೆಳೆಯಷ್ಟು ಸೋರಿಕೆ ಇದ್ದರೂ ಅಲ್ಲಿನ ಲೋಹ ದಿನೇದಿನೇ ಸವೆದು ಬಿರುಕು ಅಗಲವಾಗುತ್ತ ಹೋಗುತ್ತದೆ. ಸೋರುವ ಜಾಗಕ್ಕೆ ನೀರು ಹಾಯಿಸಲೇಬಾರದು ಎನ್ನುವುದು ಇದಕ್ಕೇ. ಇಂಥ ವಸ್ತುವನ್ನು ಶಿವಡಿಯಂಥ ಕಡೆ ವರ್ಷಾನುಗಟ್ಟಲೆ ಬಿಟ್ಟರೆ ಏನಾದೀತು? ಅಲ್ಲಿ ಕೆಸರು, ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ. ಹೊರಗಿನಿಂದ ಉಪ್ಪಿನ ತುಕ್ಕು, ವಾಲ್ವಿನ ಸಂದಿಯಲ್ಲಿ ಆಮ್ಲದ ತುಕ್ಕು.

ನಿಯಮಗಳು ಇರಲಿಲ್ಲವೆ? ಇದ್ದವು, ಇವೆ. ಅಡುಗೆ ಅನಿಲದ ಸಿಲಿಂಡರ್‌ನ ಕುತ್ತಿಗೆಯ ಪಟ್ಟಿಯ ಒಳಮೈಯಲ್ಲಿ ‘ಬಿ-27’ ಎಂಬಂಥ ಗುರುತು ನೋಡಿರುತ್ತೀರಿ. 2027ರ ಎರಡನೆಯ ತ್ರೈಮಾಸಿಕಕ್ಕೆ ಅದರ ಪರೀಕ್ಷೆಯ ಗಡುವು ಎಂದು ಅರ್ಥ. ಕ್ಲೋರಿನ್‌ನಂಥ ಕೊರೆಯುವ ಅನಿಲದ ಸಿಲಿಂಡರ್‌ಗಳಿಗೆ ಈ ಗಡುವು ಎರಡೇ ವರ್ಷ. ಖಾಲಿ ಮಾಡಿ, ನೀರು ತುಂಬಿ, ಹೆಚ್ಚಿನ ಒತ್ತಡ ಕೊಟ್ಟು ಗೋಡೆ ತಡೆಯುತ್ತದೆಯೆ ಎಂದು ನೋಡುತ್ತಾರೆ. ಸವೆದು ತೂಕ ಇಳಿದಿದ್ದರೆ ಪಾತ್ರೆಯನ್ನು ತಿರಸ್ಕರಿಸುತ್ತಾರೆ. ಆದರೆ ಈ ವ್ಯವಸ್ಥೆಯಲ್ಲಿ ಒಂದು ದೊಡ್ಡ ಸಂದು ಉಳಿದಿದೆ. ಪರೀಕ್ಷೆಯನ್ನು ಮರುಭರ್ತಿಗೆ ಕಟ್ಟಿಹಾಕಲಾಗಿದೆ: ಗಡುವು ಮೀರಿದ ಸಿಲಿಂಡರನ್ನು ಮತ್ತೆ ತುಂಬಕೂಡದು ಎನ್ನುತ್ತದೆ ನಿಯಮ. ಖಾಲಿಯೇ ಆಗದ ಸಿಲಿಂಡರ್ ಮರುಭರ್ತಿಗೆ ಬರುವುದಿಲ್ಲ, ಪರೀಕ್ಷೆಗೂ ಬರುವುದಿಲ್ಲ. ಅತ್ಯಂತ ಅಪಾಯದ ಪಾತ್ರೆಯೇ ಪರೀಕ್ಷಕನ ಕಣ್ಣಿಗೆ ಬೀಳದಂತೆ ಆಗಿಬಿಡುತ್ತದೆ.

ಅತ್ತ ಕಸ್ಟಮ್ಸ್ ಕಾಯ್ದೆಯ ಪ್ರಕಾರ, ಹಡಗಿನಿಂದಿಳಿದ ಸರಕನ್ನು 30 ದಿನದಲ್ಲಿ ಬಿಡಿಸಿಕೊಳ್ಳದಿದ್ದರೆ ನೋಟಿಸು ಕೊಟ್ಟು ಮಾರಬಹುದು. ಬಟ್ಟೆಯೋ ಯಂತ್ರದ ಬಿಡಿಭಾಗವೋ ಆದರೆ ಹರಾಜಿನಲ್ಲಿ ಹೋಗುತ್ತದೆ. ತುಕ್ಕು ಹಿಡಿದ ವಿಷಾನಿಲವನ್ನು ಕೊಳ್ಳುವವರು ಯಾರು? ಇತ್ತ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಕಾರ್ಖಾನೆಯೊಂದು ತನ್ನ ಅಪಾಯಕಾರಿ ತ್ಯಾಜ್ಯವನ್ನು ಆವರಣದಲ್ಲಿ 90 ದಿನ ಮಾತ್ರ ಇಟ್ಟುಕೊಳ್ಳಬಹುದು. ಮುಂಬಯಿ ಸುತ್ತಲಿನ ಉದ್ಯಮಗಳ ಇಂಥ ತ್ಯಾಜ್ಯಕ್ಕೆ ತಳೋಜಾದಲ್ಲಿ ಸಾಮೂಹಿಕ ವಿಲೇವಾರಿ ಕೇಂದ್ರವೂ ಇದೆ. ಬಂದರಿನಲ್ಲಿ ಬಿದ್ದ ಸರಕು ಮಾತ್ರ ಕಾಗದದಲ್ಲಿ ಸರಕಾಗಿಯೇ ಉಳಿಯುತ್ತದೆ. ಅದು ತ್ಯಾಜ್ಯವಾದದ್ದು ಯಾವ ದಿನ ಎಂದು ಬರೆದಿಡುವವರೇ ಇಲ್ಲ. ಬೈರೂತ್ ಬಂದರಿನಲ್ಲಿ 2020ರ ಆಗಸ್ಟ್ 4ರಂದು ಸಿಡಿದ 2,750 ಟನ್ ಅಮೋನಿಯಂ ನೈಟ್ರೇಟ್ ಹೀಗೆಯೇ ಆರು ವರ್ಷ ಗೋದಾಮಿನಲ್ಲಿ ಕೊಳೆತಿತ್ತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆ ಸುದ್ದಿ ಬಂದ ಮೇಲೆಯೇ ನಮ್ಮಲ್ಲಿ, ಚೆನ್ನೈನ ಮಣಲಿಯಲ್ಲಿ 2015ರಿಂದ ಕೂತಿದ್ದ ಸುಮಾರು 700 ಟನ್ ಅದೇ ರಾಸಾಯನಿಕವನ್ನು ತರಾತುರಿಯಲ್ಲಿ ಹೈದರಾಬಾದಿಗೆ ಸಾಗಿಸಿದ್ದು. ಮುಂಬಯಿ ಬಂದರಿಗೆ ಇದು ಹೊಸ ಪಾಠವೂ ಅಲ್ಲ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ಹತ್ತಿ ಮತ್ತು ಸ್ಫೋಟಕಗಳನ್ನು ಒಟ್ಟಿಗೆ ಹೊತ್ತಿದ್ದ ‘ಫೋರ್ಟ್ ಸ್ಟಿಕಿನ್’ ಹಡಗು ಸಿಡಿದಾಗ ಮಡಿದ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ದೇಶ ಇಂದಿಗೂ ಆ ದಿನವನ್ನು ಆಚರಿಸುತ್ತದೆ.

ಇದನ್ನು ಹೇಳುವಾಗ ನನಗೆ ಸಿಟ್ಟು ಬರುವುದಕ್ಕೆ ಕಾರಣವಿದೆ. ಕ್ಲೋರಿನ್ ವಿಲೇವಾರಿ ಕಷ್ಟದ ವಿದ್ಯೆಯೇನಲ್ಲ. ಕಾರವಾರದ ಹತ್ತಿರ ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆ ಇರುವುದು ಕರಾವಳಿಯವರಿಗೆ ಗೊತ್ತು. ಅಂಥ ಕಡೆ ಉಪ್ಪುನೀರಿನಲ್ಲಿ ವಿದ್ಯುತ್ ಹರಿಸುತ್ತಾರೆ. ಒಂದು ಧ್ರುವದಲ್ಲಿ ಕ್ಲೋರಿನ್ ಏಳುತ್ತದೆ, ಇನ್ನೊಂದು ಕಡೆ ಕಾಸ್ಟಿಕ್ ಸೋಡಾ ಮತ್ತು ಹೈಡ್ರೋಜನ್. ಒಂದು ಟನ್ ಕ್ಲೋರಿನ್ ಹುಟ್ಟುವಾಗ ಜೊತೆಗೆ 1.13 ಟನ್ ಕಾಸ್ಟಿಕ್ ಸೋಡಾ ಹುಟ್ಟುತ್ತದೆ. ಆ ಒಂದು ಟನ್ ಕ್ಲೋರಿನ್‌ನ ವಿಷ ಇಳಿಸಲು ಬೇಕಾಗುವ ಕಾಸ್ಟಿಕ್ ಸೋಡಾ ಎಷ್ಟು? ಅದೂ ಸರಿಯಾಗಿ 1.13 ಟನ್! ವಿಷವೂ ಮದ್ದೂ ಒಂದೇ ತೊಟ್ಟಿಯಲ್ಲಿ, ಒಂದಕ್ಕೊಂದು ಸಾಲುವಷ್ಟೇ ಅಳತೆಯಲ್ಲಿ ಹುಟ್ಟುತ್ತವೆ.

ಹಳೆಯ ಟನ್ನರನ್ನು ಖಾಲಿ ಮಾಡುವಾಗ ಕ್ಲೋರಿನನ್ನು ಕೊಳವೆಯ ಮೂಲಕ ಕಾಸ್ಟಿಕ್ ದ್ರಾವಣಕ್ಕೆ ನಿಧಾನವಾಗಿ ಬಿಡುತ್ತಾರೆ. ಉಪ್ಪು, ನೀರು ಮತ್ತು ಸೋಡಿಯಂ ಹೈಪೋಕ್ಲೋರೈಟ್ ಸಿಗುತ್ತವೆ. ಹೈಪೋಕ್ಲೋರೈಟ್ ಎಂದರೆ ಬಟ್ಟೆ ಬಿಳುಪು ಮಾಡುವ ಬ್ಲೀಚ್ ದ್ರಾವಣ. ಅವಸರ ಮಾತ್ರ ಕೂಡದು. ಕ್ರಿಯೆ ಬಹಳ ಬಿಸಿ ಹುಟ್ಟಿಸುತ್ತದೆ, ದ್ರಾವಣವನ್ನು ತಣಿಸುತ್ತಲೇ ಇರಬೇಕು. ಕಾಸ್ಟಿಕ್ ಮುಗಿದುಹೋಗಿ ದ್ರಾವಣ ಆಮ್ಲದ ಕಡೆ ವಾಲಿದರೆ ಹೀರಿಕೊಂಡ ಕ್ಲೋರಿನ್ ಮತ್ತೆ ಹೊರಗೇಳುತ್ತದೆ. ಅದಕ್ಕೆ ಲೆಕ್ಕಕ್ಕಿಂತ ಹೆಚ್ಚೇ ಕಾಸ್ಟಿಕ್ ಇಟ್ಟುಕೊಳ್ಳುತ್ತಾರೆ. ಉಳಿದ ಬ್ಲೀಚನ್ನು ಖಾಡಿಗೆ ಸುರಿಯುವಂತಿಲ್ಲ, ಏಡಿ ಮೀನುಗಳು ಸಾಯುತ್ತವೆ. ಥಯೋಸಲ್ಫೇಟ್‌ನಂಥ ರಾಸಾಯನಿಕ ಹಾಕಿ ಅದರ ಕಾವನ್ನೂ ಇಳಿಸಬೇಕು. ಖಾಲಿಯಾದ ಪಾತ್ರೆಯ ಒಳಗನ್ನು ಪೂರ್ತಿ ಶುದ್ಧ ಮಾಡಿದ ಮೇಲಷ್ಟೇ ಗ್ಯಾಸ್ ಕಟರ್ ತಾಗಿಸಬೇಕು, ಏಕೆಂದರೆ ಬಿಸಿಯಾದ ಉಕ್ಕು ಕ್ಲೋರಿನ್‌ನಲ್ಲಿ ಹೊತ್ತಿ ಉರಿಯುತ್ತದೆ. ಇಷ್ಟೂ ಕೆಲಸವನ್ನು ಬಲ್ಲವರು ಈ ದೇಶದಲ್ಲಿದ್ದಾರೆ. ಬೇಕಾದದ್ದು ಹೊತ್ತಿಗೆ ಸರಿಯಾಗಿ ಅವರನ್ನು ಕರೆಸುವವರು. ಪ್ರತಿ ಬಂದರೂ ತನ್ನಲ್ಲಿರುವ ಬಿಡಿಸಿಕೊಳ್ಳದ ರಾಸಾಯನಿಕಗಳ ಪಟ್ಟಿಯನ್ನು, ಪಾತ್ರೆಯ ಕೊನೆಯ ಪರೀಕ್ಷೆಯ ತಾರೀಖಿನೊಂದಿಗೆ, ವರ್ಷವರ್ಷವೂ ಪ್ರಕಟಿಸಬೇಕು. ಸರಕು ತರಿಸುವವರಿಂದಲೇ ವಿಲೇವಾರಿಯ ಖರ್ಚನ್ನು ಮೊದಲು ಠೇವಣಿಯಾಗಿ ಇರಿಸಿಕೊಳ್ಳಬೇಕು.

ಒಂದು ಟನ್ನರ್ ಪೂರ್ತಿ ಸೋರಿದರೆ ಎಷ್ಟು ಗಾಳಿ ಕೆಡುತ್ತದೆ ಎಂದು ಲೆಕ್ಕ ಹಾಕಬಹುದು. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಹತ್ತು ಪಾಲು ಕ್ಲೋರಿನ್ ಇದ್ದರೆ ಅದು ಪ್ರಾಣಕ್ಕೆ ಕುತ್ತು ತರುವ ಮಟ್ಟವೆಂದು ಪರಿಗಣಿಸುತ್ತಾರೆ. 900 ಕಿಲೊ ಕ್ಲೋರಿನ್ ಸಮನಾಗಿ ಹರಡಿತೆಂದರೆ ಒಂದು ಕಿಲೋಮೀಟರ್ ಉದ್ದ, ಅಷ್ಟೇ ಅಗಲದ ಬಡಾವಣೆಯ ಮೇಲೆ ಹತ್ತು ಅಂತಸ್ತಿನೆತ್ತರದ ಗಾಳಿಯನ್ನು ಆ ಮಟ್ಟಕ್ಕೆ ಒಯ್ಯಬಲ್ಲದು. ವಾಸ್ತವದಲ್ಲಿ ಅದು ಸಮನಾಗಿ ಹರಡುವುದಿಲ್ಲ. ಗಾಳಿಗಿಂತ ಎರಡೂವರೆ ಪಟ್ಟು ಭಾರವಾದ್ದರಿಂದ ನೆಲಕ್ಕಂಟಿ, ಚರಂಡಿ, ತಗ್ಗು, ನೆಲಮಾಳಿಗೆ ಹಿಡಿದು ಸಾಗುತ್ತದೆ.

ಚೆಂಬೂರು, ಶಿವಡಿ, ತುರ್ಭೆ, ತಳೋಜಾ ಕಡೆ ಇರುವವರು ಇದನ್ನು ತಿಳಿದಿರಬೇಕು. ಬ್ಲೀಚಿಂಗ್ ಪುಡಿಯ ಘಾಟು ಇದ್ದಕ್ಕಿದ್ದಂತೆ ಮೂಗಿಗೆ ಬಡಿದರೆ ನೆಲದ ಮೇಲೆ ಮಲಗಬೇಡಿ, ಕೆಳಗಿನ ಪಾರ್ಕಿಂಗ್‌ಗೆ ಇಳಿಯಬೇಡಿ. ಮೇಲಿನ ಅಂತಸ್ತಿಗೆ ಹೋಗಿ ಕಿಟಕಿ ಬಾಗಿಲು ಮುಚ್ಚಿ. ಬೀದಿಯಲ್ಲಿದ್ದರೆ ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ ದೂರ ಸರಿಯಿರಿ. ಮೂಗಿಗೆ ಒದ್ದೆ ಬಟ್ಟೆ ಹಿಡಿಯಿರಿ, ಕಣ್ಣನ್ನು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಹಾಕಿಕೊಂಡ ಬಟ್ಟೆ ಬದಲಿಸಿ. ಜೋರಾಗಿ ಕೆಮ್ಮಿದವರು ಅರ್ಧ ಗಂಟೆಯಲ್ಲಿ ಆರಾಮಾದರೂ ವೈದ್ಯರಿಗೆ ತೋರಿಸಲೇಬೇಕು. ಕ್ಲೋರಿನ್ ಸುಟ್ಟ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಲು ಹಲವು ಗಂಟೆ ಹಿಡಿಯಬಹುದು. ಆದ್ದರಿಂದ ಇಂಥವರನ್ನು ಮನೆಗೆ ಕಳಿಸದೆ ಆಸ್ಪತ್ರೆಯಲ್ಲಿಟ್ಟು ಗಮನಿಸುತ್ತಾರೆ.