ಗೆಲ್ಲದ ಎರಡು ವಾರ

1968ರ ಸೆಪ್ಟೆಂಬರ್ 21ರ ಶನಿವಾರ ಟೆಕ್ಸಸ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಆಸ್ಟಿನ್‌ನ ತನ್ನ ಮೈದಾನದಲ್ಲಿ ಅಲ್ಲಿಯವರೆಗೆ ಯಾರೂ ಕಂಡಿರದ ಒಂದು ವ್ಯೂಹ ಕಟ್ಟಿಕೊಂಡು ಆಟಕ್ಕಿಳಿಯಿತು. ಎದುರಿಗಿದ್ದದ್ದು ಹ್ಯೂಸ್ಟನ್. ಪಂದ್ಯ 20–20ರಲ್ಲಿ ಸಮವಾಯಿತು. ಮುಂದಿನ ಶನಿವಾರ ಲಬಕ್ ಊರಿಗೆ ಹೋಗಿ ಟೆಕ್ಸಸ್ ಟೆಕ್ ಕೈಯಲ್ಲಿ 22–31ರಿಂದ ಸೋತು ಬಂತು. ಹಿಂದಿನ ಮೂರು ವರ್ಷಗಳಲ್ಲಿ ಪ್ರತಿ ವರ್ಷವೂ ನಾಲ್ಕು ಪಂದ್ಯ ಸೋತು ಅಭಿಮಾನಿಗಳ ತಾಳ್ಮೆ ಕೆಡಿಸಿದ್ದ ತಂಡ ಅದು. ಹೊಸ ವ್ಯೂಹವನ್ನು ಅಲ್ಲಿಗೇ ಕೈಬಿಟ್ಟಿದ್ದರೆ ಯಾರೂ ಏಕೆಂದು ಕೇಳುತ್ತಿರಲಿಲ್ಲ. ಕೋಚ್ ಡ್ಯಾರೆಲ್ ರಾಯಲ್ ಕೈಬಿಡಲಿಲ್ಲ. ಆಮೇಲೆ ಆ ತಂಡ ಒಂದರ ಹಿಂದೊಂದರಂತೆ 30 ಪಂದ್ಯ ಗೆದ್ದಿತು.

ಅಮೆರಿಕದ ಕಾಲೇಜು ಫುಟ್‌ಬಾಲಿನ ಚರಿತ್ರೆಯಲ್ಲಿ ‘ವಿಶ್‌ಬೋನ್’ ಎಂದು ಹೆಸರಾದ ಆ ವ್ಯೂಹ ಹುಟ್ಟಿದ್ದು 1968ರ ಬೇಸಿಗೆಯಲ್ಲಿ, ಕಾಗದದ ಮೇಲೆ. ಅದು ನಿಜವಾಗಿ ಕೈಗೆ ಸಿಕ್ಕಿದ್ದು ಮಾತ್ರ ಗೆಲುವೇ ಇಲ್ಲದ ಆ ಎರಡು ವಾರಗಳಲ್ಲಿ.

ರಾಯಲ್ ಆಸ್ಟಿನ್‌ಗೆ ಹೊಸಬರಾಗಿರಲಿಲ್ಲ. 1956ರಲ್ಲಿ ಹತ್ತು ಪಂದ್ಯಗಳಲ್ಲಿ ಒಂದನ್ನಷ್ಟೇ ಗೆದ್ದಿದ್ದ ತಂಡವನ್ನು ಕೈಗೆ ತೆಗೆದುಕೊಂಡು 1963ರಲ್ಲಿ ರಾಷ್ಟ್ರೀಯ ಚಾಂಪಿಯನ್ ಮಾಡಿದ್ದರು. ಎರಡು ವರ್ಷಗಳಲ್ಲಿ ಇಳಿಜಾರು ಶುರುವಾಯಿತು. 1965ರಲ್ಲಿ ಆರು ಗೆಲುವು ನಾಲ್ಕು ಸೋಲು, 1966ರಲ್ಲಿ ಏಳು–ನಾಲ್ಕು, 1967ರಲ್ಲಿ ಮತ್ತೆ ಆರು–ನಾಲ್ಕು. ಬೇರೆ ಊರಿನಲ್ಲಾದರೆ ಇದು ಮರ್ಯಾದೆಯ ಲೆಕ್ಕವೇ. ಫುಟ್‌ಬಾಲನ್ನು ಹಬ್ಬದಂತೆ ಆಚರಿಸುವ ಟೆಕ್ಸಸ್‌ನಲ್ಲಿ ಮಾತ್ರ ರಾಯಲ್ ಅವರ ಕಾಲ ಮುಗಿಯಿತೇ ಎಂಬ ಗುಸುಗುಸು ಏಳಲು ಅಷ್ಟು ಸಾಕಾಗಿತ್ತು.

ಈ ಗುಸುಗುಸಿನ ನಡುವೆ ಒಂದು ಬೆಳೆ ಸದ್ದಿಲ್ಲದೆ ಬಲಿಯುತ್ತಿತ್ತು. ಆಗಿನ ನಿಯಮದ ಪ್ರಕಾರ ಮೊದಲ ವರ್ಷದ ವಿದ್ಯಾರ್ಥಿಗಳು ಕಾಲೇಜಿನ ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. ಆ ಅವಕಾಶ ಸಿಕ್ಕಿದ್ದು 1972ರಲ್ಲಿ. ಹೀಗಾಗಿ 1967ರಲ್ಲಿ ದೊಡ್ಡವರು ಸೋಲುತ್ತಿದ್ದಾಗ, ಆ ವರ್ಷ ಸೇರಿದ್ದ ಹುಡುಗರ ಒಂದು ಗಟ್ಟಿ ಗುಂಪು ತನ್ನ ಪಾಡಿಗೆ ಬೇರೆಯಾಗಿ ಅಭ್ಯಾಸ ಮಾಡುತ್ತ ಕಾಯಬೇಕಾಯಿತು. ಬ್ರಿಜ್ ಸಿಟಿ ಎಂಬ ಸಣ್ಣ ಊರಿನಿಂದ ಬಂದಿದ್ದ ಸ್ಟೀವ್ ವೂಸ್ಟರ್ ಆ ಗುಂಪಿನ ಮುಖ್ಯಸ್ಥನಂತಿದ್ದ. ಗುಂಪನ್ನೇ ಅವನ ಹೆಸರಿನಿಂದ ಕರೆಯುತ್ತಿದ್ದರು. ಮುಖ್ಯ ತಂಡದಲ್ಲಿ ಆಗಲೇ ಕ್ರಿಸ್ ಗಿಲ್ಬರ್ಟ್ ಮತ್ತು ಟೆಡ್ ಕಾಯ್ ಎಂಬ ಇಬ್ಬರು ಒಳ್ಳೆಯ ಓಟಗಾರರಿದ್ದರು. 1968ರಲ್ಲಿ ವೂಸ್ಟರ್ ಬಂದು ಸೇರಿದಾಗ ರಾಯಲ್ ಅವರ ಮುಂದೆ ಒಂದು ಹಿತವಾದ ತೊಡಕು ನಿಂತಿತು. ಮೂವರು ಓಟಗಾರರು, ಮೂವರನ್ನೂ ಒಟ್ಟಿಗೆ ಆಡಿಸುವ ವ್ಯೂಹ ಇಲ್ಲ.

ಆ ತೊಡಕನ್ನು ಅವರು ಒಪ್ಪಿಸಿದ್ದು ಎಮೊರಿ ಬೆಲ್ಲರ್ಡ್ ಅವರಿಗೆ. ಬೆಲ್ಲರ್ಡ್ ಹೈಸ್ಕೂಲು ಮೈದಾನಗಳಲ್ಲಿ ಪಳಗಿದವರು. ಬ್ರೆಕನ್‌ರಿಜ್‌ನಲ್ಲಿ, ಆಮೇಲೆ ಸ್ಯಾನ್ ಏಂಜಲೋದಲ್ಲಿ ಶಾಲಾ ತಂಡಗಳಿಗೆ ರಾಜ್ಯ ಪ್ರಶಸ್ತಿ ಗೆಲ್ಲಿಸಿ, 1967ರಲ್ಲಷ್ಟೇ ರಾಯಲ್ ಅವರ ಬಳಗಕ್ಕೆ ಬಂದಿದ್ದರು.

ಬೆಲ್ಲರ್ಡ್ ಮಾಡಿದ್ದು ಏನೆಂದು ತಿಳಿಯಲು ಆಟದ ಎರಡು ಮಾತು ಬೇಕು. ಇದು ಕಾಲ್ಚೆಂಡಲ್ಲ. ಎರಡು ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಒಂದು ಕಡೆ ಹನ್ನೊಂದು ಮಂದಿ. ನಾಲ್ಕು ಯತ್ನಗಳಲ್ಲಿ 10 ಗಜ ಮುಂದೆ ಹೋದರೆ ಚೆಂಡು ನಿಮ್ಮಲ್ಲೇ ಉಳಿಯುತ್ತದೆ, ಇಲ್ಲದಿದ್ದರೆ ಎದುರಾಳಿಗೆ ಹೋಗುತ್ತದೆ. ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಸಾಮಾನ್ಯವಾಗಿ ಯಾರು ಓಡಬೇಕು, ಎತ್ತ ಓಡಬೇಕು ಎಂಬುದು ಆಟ ಶುರುವಾಗುವ ಮೊದಲೇ ನಿಶ್ಚಯವಾಗಿರುತ್ತದೆ. ಮುಂದಿನ ಸಾಲಿನವರು ಎದುರಾಳಿಗಳನ್ನು ತಡೆದು ದಾರಿ ಬಿಡಿಸುತ್ತಾರೆ.

ಹ್ಯೂಸ್ಟನ್‌ನ ಕೋಚ್ ಬಿಲ್ ಯೋಮನ್ 1960ರ ದಶಕದ ನಡುವಿನಲ್ಲಿ ಈ ರೂಢಿಯನ್ನು ತಲೆಕೆಳಗು ಮಾಡಿದ್ದರು. ಎದುರಾಳಿಯ ಸಾಲಿನಲ್ಲಿ ಒಬ್ಬನನ್ನು ಬೇಕೆಂದೇ ತಡೆಯದೆ ಬಿಡುವುದು, ಅವನು ಯಾರ ಮೇಲೆ ಬೀಳುತ್ತಾನೆಂದು ನೋಡಿ ಚೆಂಡನ್ನು ಬೇರೆಯವನಿಗೆ ಕೊಡುವುದು. ‘ವೀರ್’ ಎಂಬ ಈ ಪದ್ಧತಿಯಿಂದ ಹ್ಯೂಸ್ಟನ್ 1966ರಿಂದ ಮೂರು ವರ್ಷ ದೇಶದಲ್ಲೇ ಅತಿ ಹೆಚ್ಚು ಗಜ ಗಳಿಸಿದ ತಂಡವಾಯಿತು. ಆದರೆ ವೀರ್‌ನಲ್ಲಿ ಹಿಂದೆ ನಿಲ್ಲುವ ಓಟಗಾರರು ಇಬ್ಬರೇ. ಬೆಲ್ಲರ್ಡ್ ಅವರಿಗೆ ಬೇಕಾಗಿದ್ದು ಮೂವರ ವ್ಯೂಹ. ಅದರ ಒಂದು ಎಳೆ ಅವರಿಗೆ ಫೋರ್ಟ್ ವರ್ತ್‌ನ ಒಂದು ಜೂನಿಯರ್ ಹೈಸ್ಕೂಲಿನಿಂದ ಸಿಕ್ಕಿತೆನ್ನುತ್ತಾರೆ. ಅಲ್ಲಿನ ಕೋಚ್ ಸ್ಪಡ್ ಕೇಸನ್, ಓಟದಲ್ಲಿ ನಿಧಾನಿಯಾದ ತಮ್ಮ ಫುಲ್‌ಬ್ಯಾಕ್ (ನಡುವಿನ ಓಟಗಾರ) ಬೇಗ ಆಟಕ್ಕೆ ಸೇರಲೆಂದು ಅವನನ್ನು ಕ್ವಾರ್ಟರ್‌ಬ್ಯಾಕ್‌ನ ಹತ್ತಿರಕ್ಕೆ ತಂದು ನಿಲ್ಲಿಸುತ್ತಿದ್ದರು. ಬೆಲ್ಲರ್ಡ್ ಈ ನಿಲುವಿಗೆ ಯೋಮನ್ ಅವರ ಯುಕ್ತಿಯನ್ನು ಬೆಸೆದರು.

ಕ್ವಾರ್ಟರ್‌ಬ್ಯಾಕ್‌ನ ಬೆನ್ನಿಗೇ ಫುಲ್‌ಬ್ಯಾಕ್ ವೂಸ್ಟರ್. ಅವನ ಹಿಂದೆ ಎಡಕ್ಕೊಬ್ಬ, ಬಲಕ್ಕೊಬ್ಬ ಹಾಫ್‌ಬ್ಯಾಕ್. ಮೇಲಿನಿಂದ ನೋಡಿದರೆ ಕವಲೊಡೆದ ಕೊಂಬೆಯ ಆಕಾರ. ಕೋಳಿಯ ಎದೆಯ ಕವಲೆಲುಬಿನಂತಿದೆ ಎಂದು ಹ್ಯೂಸ್ಟನ್‌ನ ಕ್ರೀಡಾ ವರದಿಗಾರ ಮಿಕಿ ಹರ್ಸ್ಕೊವಿಟ್ಸ್ ಹೇಳಿದ ಮೇಲೆ ವಿಶ್‌ಬೋನ್ ಎಂಬ ಹೆಸರು ನಿಂತಿತು.

ಆಟ ಹೀಗೆ ಸಾಗುತ್ತದೆ. ಚೆಂಡು ಕೈಗೆ ಬಂದ ಕೂಡಲೇ ಕ್ವಾರ್ಟರ್‌ಬ್ಯಾಕ್ ಅದನ್ನು ಓಡಿ ಬರುತ್ತಿರುವ ಫುಲ್‌ಬ್ಯಾಕ್‌ನ ಹೊಟ್ಟೆಗೆ ಒತ್ತುತ್ತಾನೆ, ಆದರೆ ಕೈ ಬಿಡುವುದಿಲ್ಲ. ಅವನ ಕಣ್ಣು ಇರುವುದು ಚೆಂಡಿನ ಮೇಲಲ್ಲ, ಎದುರಾಳಿಯ ಸಾಲಿನಲ್ಲಿ ಯಾರೂ ತಡೆಯದೆ ಬಿಟ್ಟಿರುವ ಟ್ಯಾಕಲ್ ಎಂಬ ಆಟಗಾರನ ಮೇಲೆ. ಕಬಡ್ಡಿಯಲ್ಲಿ ದಾಳಿಗೆ ಹೋದವನು ಮೂಲೆಯ ಹಿಡಿತಗಾರನ ಕಾಲು ಎತ್ತ ಜರುಗಿತೆಂದು ನೋಡುತ್ತಲೇ ತನ್ನ ಹೆಜ್ಜೆ ಬದಲಿಸುವ ಹಾಗೆ. ಟ್ಯಾಕಲ್ ಹೊರಗೇ ನಿಂತರೆ ಚೆಂಡು ಫುಲ್‌ಬ್ಯಾಕ್‌ಗೆ, ಅವನು ನಡುವಿನಿಂದ ನುಗ್ಗುತ್ತಾನೆ. ಒಳಕ್ಕೆ ಬಂದು ಫುಲ್‌ಬ್ಯಾಕ್ ಮೇಲೆ ಬಿದ್ದರೆ ಚೆಂಡನ್ನು ಹಿಂದಕ್ಕೆಳೆದುಕೊಂಡು ಕ್ವಾರ್ಟರ್‌ಬ್ಯಾಕ್ ಪಕ್ಕಕ್ಕೆ ಓಡುತ್ತಾನೆ. ಅಲ್ಲಿ ಸಾಲಿನ ತುದಿಯಲ್ಲಿ ಇನ್ನೊಬ್ಬ ಕಾಯುತ್ತಿರುತ್ತಾನೆ, ಅವನನ್ನೂ ಯಾರೂ ತಡೆದಿರುವುದಿಲ್ಲ. ಅವನು ಹಿಂಜರಿದರೆ ಕ್ವಾರ್ಟರ್‌ಬ್ಯಾಕ್ ತಾನೇ ಓಡುತ್ತಾನೆ, ಮೇಲೆ ಬಂದರೆ ಬದಿಯಲ್ಲಿ ಓಡಿ ಬರುತ್ತಿರುವ ಹಾಫ್‌ಬ್ಯಾಕ್ ಕಡೆ ಚೆಂಡು ಚಿಮ್ಮಿಸುತ್ತಾನೆ. ಇನ್ನೊಬ್ಬ ಹಾಫ್‌ಬ್ಯಾಕ್ ಅಷ್ಟರಲ್ಲಿ ಮುಂದೆ ಹೋಗಿ ದಾರಿ ಬಿಡಿಸಿರುತ್ತಾನೆ. ಇಬ್ಬರನ್ನು ತಡೆಯದೆ ಬಿಟ್ಟಿದ್ದರಿಂದ ತಡೆಯಲು ಇಬ್ಬರು ಹೆಚ್ಚಿಗೆ ಸಿಕ್ಕಂತಾಯಿತು. ಇದಿಷ್ಟೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಬೇಕು.

ಕಾಗದದ ಮೇಲೆ ಇದಕ್ಕೆ ಉತ್ತರವೇ ಇರಲಿಲ್ಲ. ಮೈದಾನದಲ್ಲಿ ಉತ್ತರ ಮೊದಲ ದಿನವೇ ಸಿಕ್ಕಿತು. ಎದುರಿಗಿದ್ದದ್ದು ಯೋಮನ್ ಅವರ ಹ್ಯೂಸ್ಟನ್ ತಂಡವೇ. ಇಂಥ ಆಟವನ್ನು ತಮ್ಮ ಅಭ್ಯಾಸದಲ್ಲಿ ನಿತ್ಯ ನೋಡುವವರು ಅವರು. ಟೆಕ್ಸಸ್ ಸೋಲಲಿಲ್ಲ, ಗೆಲ್ಲಲೂ ಇಲ್ಲ. ಲಬಕ್‌ನಲ್ಲಂತೂ ತಂಡ ಬೇಗನೆ ಹಿಂದೆ ಬಿತ್ತು.

ಈ ಹಂತದಲ್ಲಿ ರಾಯಲ್ ಮತ್ತು ಬೆಲ್ಲರ್ಡ್ ಏನು ಮಾಡಿದರು ಎಂಬುದೇ ಈ ಆವಿಷ್ಕಾರದ ತಿರುಳು. ವ್ಯೂಹವನ್ನು ಮುಟ್ಟಲಿಲ್ಲ, ಎರಡನ್ನು ಮಾತ್ರ ಬದಲಿಸಿದರು.

ಒಂದು, ವೂಸ್ಟರ್ ನಿಲ್ಲುವ ಜಾಗ. ಅವನು ಕ್ವಾರ್ಟರ್‌ಬ್ಯಾಕ್‌ಗೆ ತೀರಾ ಹತ್ತಿರ ನಿಲ್ಲುತ್ತಿದ್ದ. ಜೊತೆಗೆ ಬಲು ಚುರುಕಿನ ಹುಡುಗ. ಕ್ವಾರ್ಟರ್‌ಬ್ಯಾಕ್ ಟ್ಯಾಕಲ್‌ನ ಕಡೆ ನೋಡಿ ಕೊಡಲೋ ಬೇಡವೋ ಎಂದು ತೀರ್ಮಾನಿಸುವ ಮೊದಲೇ ವೂಸ್ಟರ್ ಅವನನ್ನು ದಾಟಿ ಹೋಗಿರುತ್ತಿದ್ದ. ನಿಧಾನಿಯೊಬ್ಬನಿಗಾಗಿ ಹುಟ್ಟಿದ್ದ ನಿಲುವಿನಲ್ಲಿ ವೇಗಿಯೊಬ್ಬನನ್ನು ನಿಲ್ಲಿಸಿದ್ದರ ಫಲ ಅದು. ಅವನನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು. ಅಷ್ಟರಿಂದಲೇ ಕ್ವಾರ್ಟರ್‌ಬ್ಯಾಕ್‌ಗೆ ನೋಡಲು ಬೇಕಾದ ಆ ಒಂದು ಕ್ಷಣ ದೊರೆಯಿತು.

ಇನ್ನೊಂದು ಬದಲಾವಣೆ ಮನಸ್ಸಿಗೆ ಕಷ್ಟದ್ದು. ತಂಡದ ಕ್ವಾರ್ಟರ್‌ಬ್ಯಾಕ್ ಬಿಲ್ ಬ್ರಾಡ್ಲಿ, ರಾಜ್ಯವೇ ‘ಸೂಪರ್ ಬಿಲ್’ ಎಂದು ಮುದ್ದಿಸಿದ ಆಟಗಾರ. ಲಬಕ್‌ನ ಪಂದ್ಯದ ನಡುವೆ ರಾಯಲ್ ಅವನನ್ನು ಹೊರಗೆ ಕರೆದು, ಅಷ್ಟೇನೂ ಹೆಸರಿಲ್ಲದ ಜೇಮ್ಸ್ ಸ್ಟ್ರೀಟ್‌ನನ್ನು ಒಳಗೆ ಕಳಿಸಿದರು. ಸ್ಟ್ರೀಟ್ ಎಸೆತದಲ್ಲಿ ಸಾಧಾರಣ. ಆದರೆ ತಡೆಯದೆ ಬಿಟ್ಟವನ ಮೇಲೆ ಕಣ್ಣಿಟ್ಟು ತೀರ್ಮಾನ ಮಾಡುವ ಆ ಕ್ಷಣದಲ್ಲಿ ಅವನು ಗಲಿಬಿಲಿಗೊಳ್ಳುತ್ತಿರಲಿಲ್ಲ. ಅಂದಿನ ಪಂದ್ಯ ಕೈತಪ್ಪಿತು. ಆದರೆ ಸ್ಟ್ರೀಟ್ ಮೊದಲಿನಿಂದ ಕ್ವಾರ್ಟರ್‌ಬ್ಯಾಕ್ ಆಗಿ ಇಳಿದ 20 ಪಂದ್ಯಗಳಲ್ಲಿ ಟೆಕ್ಸಸ್ ಒಂದನ್ನೂ ಸೋಲಲಿಲ್ಲ.

ಮೂರನೆಯ ವಾರ ಒಕ್ಲಹಾಮ ಸ್ಟೇಟ್ ವಿರುದ್ಧ 31–3. ನಾಲ್ಕನೆಯ ವಾರ ಡಲ್ಲಸ್‌ನಲ್ಲಿ ಕಡುವೈರಿ ಒಕ್ಲಹಾಮ. ಕೊನೆಯ ನಿಮಿಷಗಳಲ್ಲಿ 19–20ರಿಂದ ಹಿಂದಿದ್ದ ಟೆಕ್ಸಸ್ 85 ಗಜ ದೂರ ಚೆಂಡನ್ನು ಸಾಗಿಸಿಕೊಂಡು ಬಂತು. ಇನ್ನು 39 ಸೆಕೆಂಡು ಉಳಿದಿರುವಾಗ ವೂಸ್ಟರ್ ಗೆರೆ ದಾಟಿದ. 26–20. ಅದೇ ಹುಡುಗರು, ಅದೇ ವ್ಯೂಹ, ಲಬಕ್‌ನಲ್ಲಿ ಸೋತು ಇನ್ನೂ ಎರಡು ವಾರ ಮಾತ್ರ. ಆಮೇಲೆ ಆರ್ಕಾನ್ಸಾ, ರೈಸ್, ಬೇಲರ್ ಎನ್ನುತ್ತ ಒಬ್ಬೊಬ್ಬರೂ ಕುಸಿದರು. ಸೀಸನ್ ಕೊನೆಯ ಕಾಟನ್ ಬೌಲ್ ಪಂದ್ಯದಲ್ಲಿ ಟೆನೆಸ್ಸೀ ವಿರುದ್ಧ 36–13. ಗಿಲ್ಬರ್ಟ್ ಸತತ ಮೂರು ಸೀಸನ್ ತಲಾ ಸಾವಿರ ಗಜ ಓಡಿದ ಮೊದಲ ಆಟಗಾರನೆಂದು ದಾಖಲೆ ಬರೆದ.

1969ರಲ್ಲಿ ಟೆಕ್ಸಸ್ ಆಡಿದ ಹನ್ನೊಂದನ್ನೂ ಗೆದ್ದಿತು. ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ (ಎಸ್‌ಎಂಯು) ವಿರುದ್ಧದ ಒಂದೇ ಪಂದ್ಯದಲ್ಲಿ ಕ್ವಾರ್ಟರ್‌ಬ್ಯಾಕ್ ಸೇರಿ ಹಿಂದಿನ ನಾಲ್ವರೂ ತಲಾ ನೂರು ಗಜ ದಾಟಿ ಓಡಿದರು. ಡಿಸೆಂಬರ್ 6ರಂದು ಅಧ್ಯಕ್ಷ ನಿಕ್ಸನ್ ಕೂತು ನೋಡಿದ ಪಂದ್ಯದಲ್ಲಿ ಆರ್ಕಾನ್ಸಾ ಎದುರು ನಾಲ್ಕನೆಯ ಕಾಲುಭಾಗ ಶುರುವಾದಾಗ ಟೆಕ್ಸಸ್ 0–14ರಿಂದ ಹಿಂದಿತ್ತು. ಮುಗಿದಾಗ 15–14. ಹೊಸ ವರ್ಷದ ದಿನ ನೋಟ್ರ ಡೇಮ್ ತಂಡವನ್ನು 21–17ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಪಟ್ಟವನ್ನು ಗಟ್ಟಿ ಮಾಡಿಕೊಂಡಿತು. ಬರೀ ಬಿಳಿಯ ಆಟಗಾರರೇ ಇದ್ದು ಆ ಪಟ್ಟಕ್ಕೇರಿದ ಕೊನೆಯ ತಂಡ ಅದು. ಮುಂದಿನ ವರ್ಷ ಜೂಲಿಯಸ್ ವಿಟ್ಟಿಯರ್ ಟೆಕ್ಸಸ್ ಮುಖ್ಯ ತಂಡದ ಮೊದಲ ಕಪ್ಪು ಆಟಗಾರನಾದ. 30 ಗೆಲುವುಗಳ ಸರಣಿ ಮುರಿದದ್ದು 1971ರ ಜನವರಿ 1ರಂದು, ಅದೇ ನೋಟ್ರ ಡೇಮ್ ಕೈಯಲ್ಲಿ.

ಕಂಡುಕೊಂಡದ್ದನ್ನು ರಾಯಲ್ ಬಚ್ಚಿಡಲಿಲ್ಲ. 1970ರಲ್ಲಿ ಒಕ್ಲಹಾಮ ಸೀಸನ್ನಿನ ನಡುವೆಯೇ ವಿಶ್‌ಬೋನ್‌ಗೆ ಬದಲಾಯಿತು. ಅಲ್ಲಿನ ಸಹಾಯಕ ಕೋಚ್ ಬ್ಯಾರಿ ಸ್ವಿಟ್ಸರ್ ಆಸ್ಟಿನ್‌ಗೆ ಫೋನ್ ಮಾಡಿ ಸಂದೇಹ ಕೇಳಿದರೆ ಬೆಲ್ಲರ್ಡ್ ಉತ್ತರಿಸುತ್ತಿದ್ದರು. ಹೊಸ ಆಟದ ಮೊದಲ ಪಂದ್ಯದಲ್ಲಿ ಒಕ್ಲಹಾಮ ಇದೇ ಟೆಕ್ಸಸ್ ಎದುರು 9–41ರಿಂದ ಮಣ್ಣುಮುಕ್ಕಿತು. ಅವರೂ ಕೈಬಿಡಲಿಲ್ಲ. 1971ರಲ್ಲಿ ಪಂದ್ಯಕ್ಕೆ ಸರಾಸರಿ 472 ಗಜ ಓಡಿ ದಾಖಲೆ ಮಾಡಿದರು. ಅಲಬಾಮದ ಕೋಚ್ ಬೇರ್ ಬ್ರಯಂಟ್ ಎರಡು ವರ್ಷ ಆರು ಗೆಲುವುಗಳಲ್ಲೇ ಸಿಕ್ಕಿಬಿದ್ದಿದ್ದರು. ಅವರು 1971ರ ಬೇಸಿಗೆಯಲ್ಲಿ ರಾಯಲ್ ಅವರಿಂದ ಪಾಠ ಹೇಳಿಸಿಕೊಂಡು, ಯಾರಿಗೂ ಸುಳಿವು ಸಿಗದಂತೆ ಅಭ್ಯಾಸ ನಡೆಸಿ, ಹಿಂದಿನ ವರ್ಷ ತಮ್ಮನ್ನು 42–21ರಿಂದ ಬಡಿದಿದ್ದ ಸದರ್ನ್ ಕ್ಯಾಲಿಫೋರ್ನಿಯ ತಂಡವನ್ನು ಅದರ ಊರಿನಲ್ಲೇ 17–10ರಿಂದ ಸೋಲಿಸಿದರು.

ಹೀಗೆ ಕಲಿಸಿದ್ದರ ಬೆಲೆಯನ್ನು ರಾಯಲ್ ತೆತ್ತರು. 1971ರಿಂದ 1975ರವರೆಗೆ ಐದೂ ವರ್ಷ ಒಕ್ಲಹಾಮ ಅವರನ್ನು ಸೋಲಿಸಿತು. ಟೆಕ್ಸಸ್ ಎ ಆ್ಯಂಡ್ ಎಂ ತಂಡಕ್ಕೆ ಮುಖ್ಯ ಕೋಚ್ ಆಗಿ ಹೋದ ಬೆಲ್ಲರ್ಡ್ ಕೂಡ 1975 ಮತ್ತು 1976ರಲ್ಲಿ ತಮ್ಮ ಹಳೆಯ ಯಜಮಾನರನ್ನು ಸೋಲಿಸಿದರು. 1976ರ ಸೀಸನ್ ಮುಗಿದ ಮೇಲೆ ರಾಯಲ್ ನಿವೃತ್ತರಾದರು.

ಈಗ ಕಾಲೇಜು ಫುಟ್‌ಬಾಲಿನಲ್ಲಿ ಎಳೆಯ ತಂಡವನ್ನು ಕಾಯುವ ವ್ಯವಧಾನ ಕಡಿಮೆಯಾಗಿದೆ. 2021ರಿಂದ ಆಟಗಾರರು ಒಂದು ಸೀಸನ್ ಹೊರಗೆ ಕೂರದೆ ಕಾಲೇಜು ಬದಲಿಸಬಹುದು. ಆಟದ ಹೆಸರಿನಲ್ಲಿ ದುಡ್ಡನ್ನೂ ಗಳಿಸಬಹುದು. ಇದು ಆಟಗಾರರಿಗೆ ನ್ಯಾಯವಾಗಿ ಸಲ್ಲಬೇಕಾದದ್ದೇ. ಅಂದಿನ ಹುಡುಗರಿಗೆ ಇಲ್ಲದ ಆಯ್ಕೆ ಇಂದಿನವರಿಗೆ ಸಿಕ್ಕಿದೆ. ಆದರೆ ಎರಡು ಪಂದ್ಯ ಕೈಕೊಟ್ಟ ಕೂಡಲೇ ಕೋಚ್, ಕ್ವಾರ್ಟರ್‌ಬ್ಯಾಕ್, ವ್ಯೂಹ ಮೂರನ್ನೂ ಒಟ್ಟಿಗೆ ಬದಲಿಸಿಬಿಟ್ಟರೆ, ತಪ್ಪಿದ್ದು ಯಾವುದೆಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ರಾಯಲ್ ತಾಳಿದ್ದು ಕೈಕಟ್ಟಿ ಕೂತಲ್ಲ. ಉಳಿದದ್ದನ್ನೆಲ್ಲ ಹಾಗೇ ಇಟ್ಟು ಎರಡನ್ನಷ್ಟೇ ಬದಲಿಸಿದ್ದರಿಂದ, ಗೆದ್ದಾಗ ಏಕೆ ಗೆದ್ದೆವೆಂಬುದು ಅವರಿಗೆ ಗೊತ್ತಿತ್ತು. ಬೇರೆಯವರಿಗೆ ಕಲಿಸಲು ಸಾಧ್ಯವಾದದ್ದೂ ಅದರಿಂದಲೇ.

ಆ ತಾಳ್ಮೆಯಲ್ಲಿ ಬ್ರಾಡ್ಲಿಯ ಪಾಲೂ ಇದೆ. ಜಾಗ ಕಳೆದುಕೊಂಡ ಸೂಪರ್ ಬಿಲ್ ಮುನಿಸಿಕೊಂಡು ಕೂರಲಿಲ್ಲ, ರಕ್ಷಣೆಯ ಹಿಂದಿನ ಸಾಲಿಗೆ ಹೋಗಿ ನಿಂತ. ಅದೇ ವರ್ಷ ಟೆಕ್ಸಸ್ ಎ ಆ್ಯಂಡ್ ಎಂ ವಿರುದ್ಧ ಎದುರಾಳಿಯ ನಾಲ್ಕು ಎಸೆತಗಳನ್ನು ನಡುವೆಯೇ ಕಸಿದ. ಮುಂದೆ ಫಿಲಡೆಲ್ಫಿಯ ಈಗಲ್ಸ್ ಸೇರಿ 1971 ಮತ್ತು 1972ರಲ್ಲಿ ವೃತ್ತಿಪರ ಲೀಗಿನಲ್ಲೇ ಅತಿ ಹೆಚ್ಚು ಎಸೆತ ಕಸಿದವನಾದ. ಲಬಕ್‌ನಲ್ಲಿ ಅವನನ್ನು ಹೊರಗೆ ಕರೆಯದೆ ಇದ್ದಿದ್ದರೆ ಟೆಕ್ಸಸ್‌ಗೆ ಸ್ಟ್ರೀಟ್ ಸಿಗುತ್ತಿರಲಿಲ್ಲ, ಬ್ರಾಡ್ಲಿಗೂ ತನ್ನ ನಿಜವಾದ ಜಾಗ ಸಿಗುತ್ತಿರಲಿಲ್ಲ.