ಆಪರೇಷನ್ನಿಗೆ ಮುಂಚೆ ಈ ಮಾತು ಮರೆಯದೆ ಹೇಳಿ

ಗರ್ಭಕೋಶದ ಗಡ್ಡೆಯೋ, ಪಿತ್ತಕೋಶದ ಕಲ್ಲೋ, ಆಪರೇಷನ್ ಅಂದ ಕೂಡಲೇ ನಮ್ಮ ಹೆಂಗಸರಿಗೆ ಎದ್ದುಬರುವ ಅಳುಕು ಒಂದೇ: “ಮತ್ತು ಕೊಡ್ತಾರಂತೆ, ಆಮೇಲೆ ಎಚ್ಚರ ಆಗುತ್ತೋ ಇಲ್ವೋ?”

ಮತ್ತು ಬರಿಸುವುದು ಒಂದೇ ಇಂಜೆಕ್ಷನ್ ಎಂದು ನಾವು ತಿಳಿದಿರುತ್ತೇವೆ. ಪೂರ್ತಿ ಮತ್ತು ಕೊಡುವಾಗ ಸಾಧಾರಣವಾಗಿ ಮೂರು ಬಗೆಯ ಔಷಧಿಗಳು ಬೇಕು. ನಿದ್ದೆಗೆ ಒಂದು, ನೋವಿಗೆ ಒಂದು, ಬಿಗಿದ ಸ್ನಾಯುಗಳು ಸಡಿಲವಾಗಲು ಇನ್ನೊಂದು. ಈ ಮೂರನೆಯದರ ವಿಷಯ ಪ್ರತಿ ಗೃಹಿಣಿಯೂ ತಿಳಿದಿರಬೇಕು.

ಬೀಗ ಮತ್ತು ಬೀಗದ ಕೈ

ನಾವು ಕೈ ಎತ್ತಬೇಕೆಂದರೆ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಟು ಸ್ನಾಯುವಿನ ಮೇಲಿರುವ ಪುಟ್ಟ ‘ಬೀಗ’ವನ್ನು ತೆರೆಯಬೇಕು. ಹೊಗೆಸೊಪ್ಪಿನ ನಿಕೋಟಿನ್ನೂ ಈ ಬಗೆಯ ಬೀಗಕ್ಕೆ ಕೂರುವುದರಿಂದ ಇದಕ್ಕೆ ನಿಕೋಟಿನಿಕ್ ರಿಸೆಪ್ಟರ್ ಎಂದು ಹೆಸರು. ಸ್ನಾಯು ಸಡಿಲಿಸುವ ವೆಕ್ಯುರೋನಿಯಂ, ಅಟ್ರಾಕ್ಯುರಿಯಂ ಮೊದಲಾದ ಔಷಧಿಗಳು ಆ ಬೀಗದ ಕಂಡಿಯನ್ನೇ ಮುಚ್ಚಿಬಿಡುತ್ತವೆ. ನಾಗರಹಾವಿನ ವಿಷದಲ್ಲೂ ಇಂಥದೇ ಅಂಶವಿದೆ. ಹಾವು ಕಚ್ಚಿದವರ ಕಣ್ಣುರೆಪ್ಪೆ ಜೋತುಬೀಳುವುದು ಅದಕ್ಕೇ.

ಔಷಧಿ ಏರಿದಂತೆ ರೆಪ್ಪೆ, ಕೈಕಾಲು, ಕೊನೆಗೆ ಉಸಿರಾಡಿಸುವ ಸ್ನಾಯುಗಳೂ ಸುಮ್ಮನಾಗುತ್ತವೆ. ಆಗ ರೋಗಿಯ ಉಸಿರನ್ನು ಮತ್ತಿನ ಡಾಕ್ಟರೇ ನಡೆಸುತ್ತಾರೆ. ಹೃದಯ ಮಾತ್ರ ಈ ಬೀಗವನ್ನು ನೆಚ್ಚಿಲ್ಲ, ತನ್ನ ಪಾಡಿಗೆ ಬಡಿಯುತ್ತಿರುತ್ತದೆ.

ಮಿದುಳಿಗೆ ಏನಾಗುತ್ತದೆ?

ಮಿದುಳಿನಲ್ಲೂ ಇಂಥ ಬೀಗಗಳುಂಟು. ಆದರೆ ರಕ್ತಕ್ಕೂ ಮಿದುಳಿಗೂ ನಡುವೆ ಇರುವ ಕಾವಲನ್ನು ಈ ಔಷಧಿಗಳು ದಾಟುವುದು ಕಷ್ಟ. ದಕ್ಷಿಣ ಅಮೆರಿಕದ ಕಾಡಿನವರು ಬಾಣದ ತುದಿಗೆ ಸವರುತ್ತಿದ್ದ ಕ್ಯುರಾರೆ ವಿಷವೇ ಇವುಗಳ ಮೂಲ. 1942ರ ಜನವರಿಯಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಎಂಬ ವೈದ್ಯೆ ಅಪೆಂಡಿಕ್ಸ್ ಆಪರೇಷನ್ನಿಗೆ ಇದನ್ನು ಬಳಸಿದರು. ಇದರಿಂದ ಪ್ರಜ್ಞೆಯೂ ತಪ್ಪುತ್ತದೇನೋ ಎಂಬ ಅನುಮಾನ ಉಳಿದಿತ್ತು. ಅಮೆರಿಕದ ಡಾಕ್ಟರ್ ಸ್ಕಾಟ್ ಸ್ಮಿತ್ ತಮ್ಮ ಮೈಮೇಲೇ ಪ್ರಯೋಗ ಮಾಡಿಸಿಕೊಂಡರು. ಬೆರಳೂ ಅಲುಗದಂತಾದರೂ ಅವರಿಗೆ ಎಲ್ಲ ಕೇಳಿಸುತ್ತಿತ್ತು, ನೋವೂ ತಿಳಿಯುತ್ತಿತ್ತು! 1947ರಲ್ಲಿ ಈ ವರದಿ ಪ್ರಕಟವಾಯಿತು. ನಿದ್ದೆಯ ಔಷಧಿಯನ್ನು ಬೇರೆಯಾಗಿಯೇ ಕೊಡಬೇಕೆಂಬುದಕ್ಕೆ ಇದೇ ಸಾಕ್ಷಿ.

ಮನೆತನದ ವಿಷಯ ಮುಚ್ಚಿಡಬೇಡಿ

ಆಪರೇಷನ್ ಮುಗಿದಾಗ ನಿಯೋಸ್ಟಿಗ್ಮಿನ್‌ನಂಥ ಔಷಧಿ ಕೊಟ್ಟು ಸ್ನಾಯುಗಳನ್ನು ಎಬ್ಬಿಸುತ್ತಾರೆ. ಸಕ್ಸಿನೈಲ್‌ಕೋಲಿನ್ ಎಂಬುದರ ರೀತಿ ಸ್ವಲ್ಪ ಬೇರೆ. ಅದು ಬೀಗವನ್ನು ತೆರೆದೇ ಇಟ್ಟು ಸ್ನಾಯುವನ್ನು ಸೋಲಿಸುತ್ತದೆ. ರಕ್ತದಲ್ಲಿರುವ ಒಂದು ಕಿಣ್ವ ಅದನ್ನು ಕೆಲವೇ ನಿಮಿಷಗಳಲ್ಲಿ ಕರಗಿಸುತ್ತದೆ. ಹುಟ್ಟಿನಿಂದಲೇ ಆ ಕಿಣ್ವ ಕಡಿಮೆ ಇರುವವರಿಗೆ ಮಾತ್ರ ಉಸಿರು ಮರಳಲು ಗಂಟೆಗಟ್ಟಲೆ ಹಿಡಿಯಬಹುದು. ಅಲ್ಲಿಯವರೆಗೆ ಯಂತ್ರದ ಉಸಿರೇ ಗತಿ.

ಈ ಕೊರತೆ ಯಾರಲ್ಲೂ ಇರಬಹುದು. ದಕ್ಷಿಣ ಭಾರತದ ಆರ್ಯವೈಶ್ಯ ಸಮುದಾಯದಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆಂದು ವೈದ್ಯರು ಗುರುತಿಸಿದ್ದಾರೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ದಿನನಿತ್ಯದ ಬಾಳಿಗೆ ತೊಂದರೆಯೂ ಇಲ್ಲ. ಮೊದಲೇ ತಿಳಿದರೆ ಡಾಕ್ಟರು ಬೇರೆ ಔಷಧಿ ಆರಿಸುತ್ತಾರೆ, ಅಷ್ಟೇ.

ಮತ್ತಿನ ಡಾಕ್ಟರು ನೋಡಲು ಬಂದಾಗ ಸಂಕೋಚ ಬಿಟ್ಟು ಇಷ್ಟು ಹೇಳಿ:

● ನಿಮಗಾಗಲಿ, ಒಡಹುಟ್ಟಿದವರಿಗಾಗಲಿ, ತವರಿನ ಹಿರಿಯರಿಗಾಗಲಿ ಆಪರೇಷನ್ ಆದಮೇಲೆ ಉಸಿರು ಬರುವುದು ತಡವಾಗಿತ್ತೇ?

● ಸಂಜೆಯ ಹೊತ್ತಿಗೆ ರೆಪ್ಪೆ ಜೋತುಬೀಳುವುದು, ಒಂದು ವಸ್ತು ಎರಡಾಗಿ ಕಾಣುವುದು ಉಂಟೇ? ಮಯಸ್ತೇನಿಯ ಎಂಬ ಕಾಯಿಲೆಯಲ್ಲಿ ಹೀಗಾಗುತ್ತದೆ. ಅಂಥವರಿಗೆ ವೆಕ್ಯುರೋನಿಯಂನಂಥ ಔಷಧಿ ಸ್ವಲ್ಪವೇ ಹೆಚ್ಚಾದೀತು.

● ಯಾವ್ಯಾವ ಮಾತ್ರೆ ನುಂಗುತ್ತಿದ್ದೀರಿ? ಚೀಟಿಗಳನ್ನೇ ತೋರಿಸಿ.

● “ಒಂದು ಲೋಟ ಕಾಫಿ ತಾನೇ” ಎಂದು ಕುಡಿದಿದ್ದರೆ ಅದನ್ನೂ ಹೇಳಿ. ಮತ್ತಿನಲ್ಲಿ ಹೊಟ್ಟೆಯದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ.

ಮನೆಯವರೆಲ್ಲರ ಕಾಯಿಲೆ ಕಸಾಲೆ ನೆನಪಿಟ್ಟುಕೊಳ್ಳುವವಳು ಗೃಹಿಣಿಯೇ ತಾನೇ? ಒಂದು ಚೀಟಿಯಲ್ಲಿ ಬರೆದು ಆಸ್ಪತ್ರೆಯ ಕಾಗದಗಳ ಜೊತೆಗಿಡಿ. ಅವಸರದ ಹೊತ್ತಿನಲ್ಲಿ ಆ ಚೀಟಿಯೇ ಒಂದು ಜೀವ ಕಾಯಬಹುದು.